ಕಡಿಮೆ ಆದಾಯದ ಮನೆಗೆ ಸೋಲಾರ್: ಸಬ್ಸಿಡಿ, ಸಾಲ, ಬಿಲ್ಲು ಮೂರನ್ನೂ ಲೆಕ್ಕ ಹಾಕಿ ಮುಂದುವರಿಯುವುದು ಹೇಗೆ?

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಚಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಈ ಅಂಕಿ ಹೆಚ್ಚಿನವರ ಕಿವಿಗೆ ಬಿದ್ದಿದೆ. ಆದರೆ ಆ ಹಣ ಯಾವಾಗ ಕೈಗೆ ಬರುತ್ತದೆ? ಬರುವವರೆಗೆ ದುಡ್ಡು ಹಾಕುವವರು ಯಾರು? ಹಾಕಿಸಿದ ಮೇಲೆ ತಿಂಗಳಿಗೆ ನಿಜವಾಗಿ ಎಷ್ಟು ಉಳಿಯುತ್ತದೆ? ಇದನ್ನು ಬಿಡಿಸಿ ಹೇಳುವವರು ಕಮ್ಮಿ. ಕೈತುಂಬ ಸಂಬಳ ಬರುವ ಮನೆಗೆ ಇವು ಸಣ್ಣ ಪ್ರಶ್ನೆಗಳು. ಹದಿನೈದು-ಇಪ್ಪತ್ತು ಸಾವಿರದಲ್ಲಿ ತಿಂಗಳು ತಳ್ಳುವ ಮನೆಗೆ ಇವೇ ಎಲ್ಲಕ್ಕಿಂತ ದೊಡ್ಡವು.

ಹಾಗಾಗಿ ಈ ಮಾರ್ಗದರ್ಶಿ ಅರ್ಜಿ ತುಂಬುವುದರಿಂದ ಶುರುವಾಗುವುದಿಲ್ಲ, ನಿಮ್ಮ ಕರೆಂಟ್ ಬಿಲ್ಲಿನಿಂದ ಶುರುವಾಗುತ್ತದೆ. ಕೆಲವು ಮನೆಗಳಿಗೆ ಸೋಲಾರ್ ತುಂಬಾ ಒಳ್ಳೆಯದು. ಇನ್ನು ಕೆಲವು ಮನೆಗಳು ಈಗಲೇ ಸಾಲ ಮಾಡಿ ಹಾಕಿಸಬಾರದು. ನಿಮ್ಮದು ಯಾವುದು ಅನ್ನೋದನ್ನ ಮೊದಲು ತಿಳಿದುಕೊಳ್ಳಿ.

ಹೆಜ್ಜೆ 1: ಬಿಲ್ಲು ಕೈಯಲ್ಲಿ ಹಿಡಿದು ಕೂತುಕೊಳ್ಳಿ

ಕಳೆದ ಒಂದು ವರ್ಷದ ಬಿಲ್ಲುಗಳು ಸಿಕ್ಕರೆ ಒಳ್ಳೆಯದು. ಎಲ್ಲ ಸಿಗದಿದ್ದರೆ ಬೇಸಿಗೆಯದೊಂದು, ಮಳೆಗಾಲದ್ದೊಂದು, ಚಳಿಗಾಲದ್ದೊಂದು ಸಾಕು. ನಾಲ್ಕು ವಿಷಯ ಹುಡುಕಿ: ತಿಂಗಳಿಗೆ ಖರ್ಚಾದ ಯೂನಿಟ್, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಬಿಲ್ಲು ಯಾರ ಹೆಸರಿನಲ್ಲಿದೆ, ಮತ್ತು ಗೃಹ ಜ್ಯೋತಿಯಲ್ಲಿ ಎಷ್ಟು ಕಳೆದಿದ್ದಾರೆ.

ಕರ್ನಾಟಕದ ಮಟ್ಟಿಗೆ ಕೊನೆಯದೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2023ರ ಜುಲೈನಿಂದ ಬಂದ ಗೃಹ ಜ್ಯೋತಿಯಲ್ಲಿ, 2022-23ರ ನಿಮ್ಮ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ಮಿತಿ ಹಾಕಿದ್ದಾರೆ. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಮಿತಿ ದಾಟಿ 200 ಯೂನಿಟ್ ಒಳಗಿದ್ದರೆ, ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ.

ಈಗ ಎರಡು ಮನೆ ನೋಡೋಣ. ಮೊದಲ ಮನೆಯ ಉಚಿತ ಮಿತಿ 120 ಯೂನಿಟ್, ಬಳಕೆ 140. ಅವರು ಕಟ್ಟುವುದು ಬರೀ 20 ಯೂನಿಟ್‌ಗೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದುಕೊಂಡರೂ ಅದು 120 ರೂಪಾಯಿ. ಈ ಮನೆಗೆ ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿತಾಯಕ್ಕಿಂತ ಕಂತೇ ಜಾಸ್ತಿ. ಎರಡನೆಯ ಮನೆಯಲ್ಲಿ ಎರಡು ಸಂಸಾರ ಒಂದೇ ಮೀಟರಿನ ಮೇಲಿವೆ. ಒಂದು ಫ್ರಿಜ್, ಎರಡು ಟಿವಿ, ಜೊತೆಗೆ ಬಟ್ಟೆ ಹೊಲಿಯುವ ಮೋಟಾರ್ ಮಷಿನ್. ತಿಂಗಳಿಗೆ 230 ಯೂನಿಟ್. ಇವರಿಗೆ ಗೃಹ ಜ್ಯೋತಿ ಇಲ್ಲ. ವಿದ್ಯುತ್ ಶುಲ್ಕವೇ 1,380 ರೂಪಾಯಿ ಆಗುತ್ತದೆ, ನಿಗದಿತ ಶುಲ್ಕ ಬೇರೆ. ಸೋಲಾರ್ ಸಬ್ಸಿಡಿಯ ನಿಜವಾದ ಲಾಭ ಇಂಥ ಮನೆಗೆ.

ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ನನ್ನ ಮಾತು ನೇರ: ಸದ್ಯಕ್ಕೆ ಸಾಲ ಮಾಡಬೇಡಿ, ಯಾರು ಎಷ್ಟೇ ಒತ್ತಾಯ ಮಾಡಿದರೂ. ಹೆಚ್ಚುವರಿ ಕರೆಂಟ್ ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಮಾರಿ ದುಡ್ಡು ಮಾಡಬಹುದು ಅಂತ ಹೇಳುವವರು ಬರುತ್ತಾರೆ. ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ದರ ನಿಗದಿ ಮಾಡುತ್ತದೆ. ಸಬ್ಸಿಡಿ ಪಡೆದ ಮನೆಗೆ ಆ ದರ, ನೀವು ಕರೆಂಟ್ ಕೊಳ್ಳುವ ದರಕ್ಕಿಂತ ಎಷ್ಟೋ ಕಮ್ಮಿ. ಅದನ್ನೇ ನಂಬಿ ಸಾಲದ ಲೆಕ್ಕ ಹಾಕಬಾರದು. ನಿಮ್ಮ ಬಳಕೆ 200ರ ಆಚೆ-ಈಚೆ ಓಲಾಡುತ್ತಿದ್ದರೆ, ಸೋಲಾರ್ ಹಾಕಿಸಿದ ಮೇಲೆ ಗೃಹ ಜ್ಯೋತಿ ಲೆಕ್ಕ ಹೇಗೆ ಬರುತ್ತದೆ ಅಂತ ನಿಮ್ಮ ಎಸ್ಕಾಂ (ಕರೆಂಟ್ ಕೊಡುವ ಸರ್ಕಾರಿ ಕಂಪನಿ) ಉಪವಿಭಾಗ ಕಚೇರಿಗೆ ಅರ್ಜಿ ಕೊಟ್ಟು, ಉತ್ತರ ಬರಹದಲ್ಲಿ ಪಡೆದು ಆಮೇಲೆ ಮುಂದುವರಿಯಿರಿ.

ಹೆಜ್ಜೆ 2: ಸಬ್ಸಿಡಿಯ ಅಂಕಿ ಸರಿಯಾಗಿ ತಿಳಿದುಕೊಳ್ಳಿ

ಕೇಂದ್ರ ಸಂಪುಟ 2024ರ ಫೆಬ್ರುವರಿ 29ರಂದು ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. 75,021 ಕೋಟಿ ರೂಪಾಯಿ ಇಟ್ಟಿದ್ದಾರೆ, ಗುರಿ 1 ಕೋಟಿ ಮನೆ, ಅವಧಿ 2026-27ರ ಹಣಕಾಸು ವರ್ಷದವರೆಗೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಂದರೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ 78,000ವೇ.

ಇಲ್ಲಿ ಬಡವರಿಗೆ ಅನುಕೂಲವಾದ ಒಂದು ಅಂಶ ಇದೆ. ಚಿಕ್ಕ ಘಟಕಕ್ಕೆ ಪ್ರತಿ ಕಿಲೋವ್ಯಾಟ್‌ಗೆ ಸಿಗುವ ಹಣ ಜಾಸ್ತಿ. 2 ಕಿಲೋವ್ಯಾಟ್‌ವರೆಗೆ ವೆಚ್ಚದ ಶೇಕಡಾ 60, ಅದರ ಮೇಲಿನ ಒಂದಕ್ಕೆ ಶೇಕಡಾ 40 ಅಂತ ಲೆಕ್ಕ ಮಾಡಿದ್ದಾರೆ. ಆದರೆ ಆ ಶೇಕಡಾವಾರು ಸರ್ಕಾರ ಹಾಕಿಕೊಂಡ ಮಾನದಂಡದ ಬೆಲೆಯ ಮೇಲೆ: ಮೊದಲ ಎರಡಕ್ಕೆ ಕಿಲೋವ್ಯಾಟ್‌ಗೆ 50,000, ಮೂರನೆಯದಕ್ಕೆ 45,000. ಮಾರುಕಟ್ಟೆಯಲ್ಲಿ ಚಿಕ್ಕ ಘಟಕಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಹಾಗಾಗಿ 'ಶೇಕಡಾ 60 ಸರ್ಕಾರದ್ದು' ಅನ್ನುವ ಮಾತಿನ ಮೇಲೆ ಲೆಕ್ಕ ಹಾಕಬೇಡಿ. ರೂಪಾಯಿಯಲ್ಲೇ ಹಾಕಿ.

ಇನ್ನೊಂದು ಉಳಿತಾಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ವೆಂಡರ್ (ಸೋಲಾರ್ ಹಾಕಿಕೊಡುವವರು) ಕೊಟ್ಟ ಕೊಟೇಶನ್‌ನಲ್ಲಿ ತೆರಿಗೆ ಬೇರೆಯಾಗಿ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಬರೆಸಿ.

ಕೆಲವು ರಾಜ್ಯಗಳು ಕೇಂದ್ರದ ಹಣದ ಮೇಲೆ ತಮ್ಮದನ್ನೂ ಸೇರಿಸುತ್ತವೆ. ಉತ್ತರ ಪ್ರದೇಶ ಕಿಲೋವ್ಯಾಟ್‌ಗೆ 15,000ದಂತೆ 30,000ದವರೆಗೆ ಕೊಡುತ್ತದೆ. ದೆಹಲಿಯಲ್ಲಿ 3 ಕಿಲೋವ್ಯಾಟ್‌ಗೆ ಹೆಚ್ಚುವರಿ 30,000 ಸೇರಿ ಒಟ್ಟು 1,08,000 ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ದೊಡ್ಡ ದೊಡ್ಡ ಅಂಕಿಗಳು ಬಹಳ ಸಲ ಬೇರೆ ರಾಜ್ಯದವು. ನಿಮ್ಮ ಲೆಕ್ಕಕ್ಕೆ ಅವನ್ನು ಸೇರಿಸಬೇಡಿ.

ಹೆಜ್ಜೆ 3: ಅರ್ಹತೆ ಮತ್ತು ಹೆಸರಿನ ತೊಡಕು

ಷರತ್ತುಗಳು ಸರಳ. ಭಾರತದ ಪ್ರಜೆ ಆಗಿರಬೇಕು, ಸ್ವಂತ ಮನೆ ಇರಬೇಕು, ಪ್ಯಾನೆಲ್ ಕೂರುವಂಥ ಚಾವಣಿ ಇರಬೇಕು, ಕರೆಂಟ್ ಸಂಪರ್ಕ ಇರಬೇಕು, ಹಿಂದೆ ಸೋಲಾರ್ ಪ್ಯಾನೆಲ್‌ಗೆ ಸಬ್ಸಿಡಿ ಪಡೆದಿರಬಾರದು. ಆದಾಯದ ಮಿತಿ ಇಲ್ಲ. ಅಂದರೆ ಬಿಪಿಎಲ್ ಕಾರ್ಡ್ ಇದ್ದ ಮಾತ್ರಕ್ಕೆ ಹೆಚ್ಚು ಸಿಗುವುದೂ ಇಲ್ಲ.

ಆದರೆ ನಮ್ಮಲ್ಲಿ ಅರ್ಜಿಗಳು ನಿಲ್ಲುವುದು ಹೆಸರಿನ ಹತ್ತಿರ. ಎಷ್ಟೋ ಮನೆಗಳಲ್ಲಿ ಮೀಟರ್ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೋ, ಅಜ್ಜನ ಹೆಸರಲ್ಲೋ ಇರುತ್ತದೆ. ಖಾತೆ ಒಬ್ಬರದು, ಆಧಾರ್‌ನಲ್ಲಿ ಇನಿಷಿಯಲ್ ಬೇರೆ, ಪಾಸ್‌ಬುಕ್‌ನಲ್ಲಿ ಕಾಗುಣಿತ ಬೇರೆ. ಸಬ್ಸಿಡಿ ಹಣ ಬರುವುದು ಅರ್ಜಿದಾರರ ಬ್ಯಾಂಕ್ ಖಾತೆಗೆ. ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದದಿದ್ದರೆ ಎಲ್ಲ ಮುಗಿದ ಮೇಲೆ ಹಣ ಸಿಕ್ಕಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಸಾಲದ ಕಂತು ಶುರುವಾಗಿರುತ್ತದೆ ಅಲ್ವಾ? ಅದಕ್ಕೇ ಇದನ್ನು ಮೊದಲು ಸರಿಮಾಡಿ.

ಮೀಟರ್ ತೀರಿಕೊಂಡವರ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ ಅಥವಾ ಪಂಚಾಯಿತಿ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೋಡಿಸಿಕೊಂಡು ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಕೊಡಿ. ಹಳೆ ಬಾಕಿ ಇದ್ದರೆ ಅದನ್ನೂ ತೀರಿಸಿ. ಸೋಲಾರ್ ಅರ್ಜಿಯನ್ನು ಇದು ಮುಗಿದ ಮೇಲೆ ಹಾಕಿ.

ಬಾಡಿಗೆ ಮನೆಯವರಿಗೆ ನೇರ ದಾರಿ ಇಲ್ಲ. ಮನೆ ಮಾಲೀಕರು ಅವರ ಹೆಸರಲ್ಲಿ ಹಾಕಿಸಬಹುದು, ಅಷ್ಟೇ. ವಸತಿ ಸಂಘ ಇದ್ದ ಕಡೆ ಮೆಟ್ಟಿಲು ದೀಪ, ನೀರಿನ ಪಂಪಿನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ಇದೆ.

ಹೆಜ್ಜೆ 4: ಚಾವಣಿ ನೋಡಿ

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಮೇಲೆ ಹತ್ತಿ ತೆಂಗಿನ ಮರದ್ದೋ, ಪಕ್ಕದ ಮನೆಯ ನೀರಿನ ಟ್ಯಾಂಕಿನದ್ದೋ ನೆರಳು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೂರು ಹೊತ್ತೂ ಗೆರೆಯಾಚೆ ಉಳಿದ ಜಾಗವೇ ನಿಮ್ಮ ಜಾಗ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯಬಹುದು. ದಕ್ಷಿಣದ ಕಡೆ ಇರುವ ಮರ, ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಉತ್ತರಕ್ಕೆ ಉದ್ದವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆರ್‌ಸಿಸಿ ಇದ್ದರೆ ಒಳ್ಳೆಯದು. ತಗಡಿನ ಚಾವಣಿಗೂ ಹಾಕಬಹುದು, ಆದರೆ ಕೆಳಗಿನ ಕಬ್ಬಿಣದ ಆಧಾರ ಗಟ್ಟಿ ಇರಬೇಕು. ಕಲ್ನಾರು ಶೀಟು ಅಥವಾ ಹಳೆ ಹೆಂಚಿನ ಮೇಲೆ ಅವಸರ ಮಾಡಬೇಡಿ. ಚಾವಣಿ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಪ್ಯಾನೆಲ್ ಕೂತ ಮೇಲೆ ಕೆಳಗೆ ಕೈ ಹೋಗುವುದಿಲ್ಲ.

ಹೆಜ್ಜೆ 5: ಎಷ್ಟು ಕಿಲೋವ್ಯಾಟ್ ಬೇಕು?

ಸರ್ಕಾರದ ಸೂಚನೆ ಹೀಗಿದೆ: ತಿಂಗಳಿಗೆ 150 ಯೂನಿಟ್‌ವರೆಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300ರವರೆಗೆ 2ರಿಂದ 3, ಅದರ ಮೇಲೆ 3ಕ್ಕಿಂತ ಜಾಸ್ತಿ. 1 ಕಿಲೋವ್ಯಾಟ್ ಚೆನ್ನಾಗಿ ಬಿಸಿಲು ಬೀಳುವ ದಿನ ಸುಮಾರು 4 ಯೂನಿಟ್ ಕೊಡುತ್ತದೆ, ವರ್ಷದ ಸರಾಸರಿಯಲ್ಲಿ ತಿಂಗಳಿಗೆ 110 ಅಂತ ಇಟ್ಟುಕೊಳ್ಳಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇದು ಬಹಳ ಇಳಿಯುತ್ತದೆ. ಬಯಲುಸೀಮೆಯಲ್ಲಿ ಬೇಸಿಗೆ ತಿಂಗಳುಗಳು ಅದನ್ನು ಸರಿದೂಗಿಸುತ್ತವೆ.

ಕಮ್ಮಿ ಆದಾಯದ ಮನೆಗೆ ನನ್ನ ಸಲಹೆ: ನಿಮ್ಮ ಬಳಕೆಗಿಂತ ಸ್ವಲ್ಪ ಚಿಕ್ಕದನ್ನೇ ಆರಿಸಿ. ವೆಂಡರ್‌ಗಳು '78,000 ಪೂರ್ತಿ ತಗೊಳ್ಳಿ, 3 ಕಿಲೋವ್ಯಾಟ್ ಹಾಕಿಸಿ' ಅನ್ನುತ್ತಾರೆ. ಆದರೆ ಮೂರನೆಯ ಕಿಲೋವ್ಯಾಟ್‌ಗೆ ಸಬ್ಸಿಡಿ 18,000 ಮಾತ್ರ, ಉಳಿದದ್ದೆಲ್ಲ ನಿಮ್ಮ ಸಾಲಕ್ಕೆ ಸೇರುತ್ತದೆ. ಅದು ಮಾಡುವ ಕರೆಂಟ್ ನಿಮಗೆ ಬೇಡದಿದ್ದರೆ ಕಮ್ಮಿ ದರಕ್ಕೆ ಗ್ರಿಡ್‌ಗೆ ಹೋಗುತ್ತದೆ.

ಇನ್ನೊಂದು ಖರ್ಚು ಬಿಲ್ಲಿನಲ್ಲಿ ಅಡಗಿದೆ. ನಿಮ್ಮ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇದ್ದು ದೊಡ್ಡ ಘಟಕ ಹಾಕಿಸಿದರೆ ಲೋಡ್ ಏರಿಸುವ ಸಂದರ್ಭ ಬರುತ್ತದೆ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಬೀಳುತ್ತದೆ, ಸೋಲಾರ್ ಎಷ್ಟೇ ಉತ್ಪಾದಿಸಿದರೂ ಅದು ಹೋಗುವುದಿಲ್ಲ. ಲೋಡ್ ಏರಿದರೆ ಅದೂ ಏರುತ್ತದೆ.

ಕರೆಂಟ್ ಹೋದಾಗ ಮನೆಯಲ್ಲಿ ದೀಪ ಉರಿಯಲಿ ಅಂತ ಸೋಲಾರ್ ಹಾಕಿಸುತ್ತಿದ್ದರೆ ಇದನ್ನೂ ಕೇಳಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಗ್ರಿಡ್‌ಗೆ ಜೋಡಿಸಿದ) ಘಟಕ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಪ್ಯಾನೆಲ್‌ನಿಂದ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ಅನ್ನು ಹಾಗೆ ಮಾಡಿರುತ್ತಾರೆ. ಬ್ಯಾಟರಿ ಸೇರಿಸಿದರೆ ಖರ್ಚು ಏರುತ್ತದೆ, ಆದರೆ ಸಬ್ಸಿಡಿ ಏರುವುದಿಲ್ಲ.

ಹೆಜ್ಜೆ 6: ದುಡ್ಡು ಹೊಂದಿಸುವುದು

ಸಬ್ಸಿಡಿ ಮೊದಲು ಸಿಗುವುದಿಲ್ಲ. ಪ್ಯಾನೆಲ್ ಕೂತು, ನೆಟ್ ಮೀಟರ್ (ಗ್ರಿಡ್‌ನಿಂದ ಬಂದ, ಗ್ರಿಡ್‌ಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಬಂದು, ಎಸ್ಕಾಂ ಪರಿಶೀಲಿಸಿ ಚಾಲನಾ ವರದಿ ಕೊಟ್ಟ ಮೇಲೆ, ಬ್ಯಾಂಕ್ ವಿವರ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನದೊಳಗೆ ಅಂತ ಯೋಜನೆ ಹೇಳುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನಿಮ್ಮ ಕಡೆಯಿಂದಲೇ ಹೋಗಬೇಕು. ಬಡ ಮನೆಗಳು ಹಿಂದೆ ಸರಿಯುವುದು ಇಲ್ಲೇ. ತಪ್ಪು ಸಾಲಕ್ಕೆ ಬೀಳುವುದೂ ಇಲ್ಲೇ.

ಈ ಯೋಜನೆಗೇ ಅಂತ ಸರ್ಕಾರಿ ಬ್ಯಾಂಕುಗಳಲ್ಲಿ ಸಾಲ ಇದೆ. 3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ 2 ಲಕ್ಷದವರೆಗೆ, ಅಡಮಾನ ಇಲ್ಲದೆ, 10 ವರ್ಷದ ಅವಧಿಗೆ, ರೆಪೊ ದರದ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ ದರ) ಮೇಲೆ ಅರ್ಧ ಶೇಕಡಾ ಸೇರಿಸಿದ ಬಡ್ಡಿಗೆ ಕೊಡುತ್ತಾರೆ. ವೆಚ್ಚದ ಶೇಕಡಾ 10ರಷ್ಟು ನಿಮ್ಮ ಕೈಯಿಂದ ಹಾಕಬೇಕು. ಸರ್ಕಾರಿ ಯೋಜನೆಗಳ ಸಾಲಕ್ಕಿರುವ ಜನ್ ಸಮರ್ಥ್ ಪೋರ್ಟಲ್ ಮೂಲಕವೂ ಅರ್ಜಿ ಹಾಕಬಹುದು. ಬ್ಯಾಂಕು ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ಅಂಕ) ನೋಡುತ್ತದೆ. ಸ್ವಸಹಾಯ ಸಂಘದ ಸಾಲವೋ ಚಿನ್ನದ ಸಾಲವೋ ಬಾಕಿ ಬಿದ್ದಿದ್ದರೆ ಅದನ್ನು ಸರಿಮಾಡಿಕೊಂಡು ಹೋಗಿ.

ಲೆಕ್ಕ ಹಾಕಿ ನೋಡೋಣ. 2 ಕಿಲೋವ್ಯಾಟ್ ಘಟಕ 1,30,000 ಅಂದುಕೊಳ್ಳಿ. ನೀವು 13,000 ಹಾಕುತ್ತೀರಿ, ಸಾಲ 1,17,000. ಬಡ್ಡಿ ಶೇಕಡಾ 7 ಅಂದುಕೊಂಡರೆ 10 ವರ್ಷಕ್ಕೆ ಕಂತು ಸುಮಾರು 1,360. ಸಬ್ಸಿಡಿಯ 60,000 ಬಂದ ಕೂಡಲೇ ಸಾಲಕ್ಕೆ ಕಟ್ಟಿದರೆ ಉಳಿಯುವುದು 57,000. ಅದರ ಕಂತು ಸುಮಾರು 660. ಈ ಘಟಕ ತಿಂಗಳಿಗೆ ಸುಮಾರು 220 ಯೂನಿಟ್ ಕೊಟ್ಟು, ನೀವು ಅಷ್ಟನ್ನೂ ಬಳಸುವವರಾಗಿದ್ದರೆ ಬಿಲ್ಲಿನಲ್ಲಿ ಸುಮಾರು 1,300 ಇಳಿಯುತ್ತದೆ. 660 ಕಂತು ಕಟ್ಟಿಯೂ 600ರ ಮೇಲೆ ಉಳಿಯುತ್ತದೆ. ಹೆಜ್ಜೆ 1ರ ಎರಡನೆಯ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ.

ಅದೇ 1,17,000ವನ್ನು ಶೇಕಡಾ 24 ಬಡ್ಡಿಗೆ, 2 ವರ್ಷಕ್ಕೆ ಹೊರಗಡೆ ಸಾಲ ತಂದರೆ? ಕಂತು 6,000ದ ಮೇಲೆ. ಯಾವ ಬಿಲ್ಲಿನ ಉಳಿತಾಯವೂ ಅದನ್ನು ತುಂಬಿಸುವುದಿಲ್ಲ. ಬ್ಯಾಂಕಿನ ಸಾಲ ಸಿಗದಿದ್ದರೆ ಕಾಯುವುದೇ ಮೇಲು. ಫೈನಾನ್ಸ್ ಕಂಪನಿಯ ದುಡ್ಡಿನಲ್ಲಿ ಸೋಲಾರ್ ಹಾಕಿಸಬೇಡಿ.

ದಿನಗೂಲಿಯವರು, ತರಕಾರಿ ಮಾರುವವರು ಬ್ಯಾಂಕಿನಲ್ಲಿ ಕಂತಿನ ದಿನಾಂಕದ ಬಗ್ಗೆ ಮೊದಲೇ ಮಾತಾಡಿ. ಬೆಂಗಳೂರಿನಲ್ಲಿ 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರುಮಾಡಿದ ಹರೀಶ್ ಹಂದೆಯವರು, ಬಡವರ ಸಂಪಾದನೆ ಬರುವ ಹೊತ್ತಿಗೆ ಕಂತು ಹೊಂದಿಸಿದರೆ ಅವರೂ ಸೋಲಾರ್ ಸಾಲ ತೀರಿಸುತ್ತಾರೆ ಅನ್ನೋದನ್ನ ಕೆಲಸದಲ್ಲೇ ತೋರಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಎಲ್ಲ ಶಾಖೆಯೂ ಇದಕ್ಕೆ ಒಪ್ಪುತ್ತದೆ ಅಂತಲ್ಲ. ಆದರೆ ಕೇಳದೆ ಯಾರೂ ಕೊಡುವುದಿಲ್ಲ.

ಸಾಲವೇ ಬೇಡ ಅನ್ನುವವರಿಗಾಗಿ ಯೋಜನೆಯಲ್ಲಿ ಇನ್ನೆರಡು ದಾರಿ ಇಟ್ಟಿದ್ದಾರೆ. ಒಂದರಲ್ಲಿ ಕಂಪನಿಯೇ ತನ್ನ ದುಡ್ಡಿನಲ್ಲಿ ನಿಮ್ಮ ಚಾವಣಿಗೆ ಹಾಕಿ, ನೀವು ಬಳಸಿದ ಯೂನಿಟ್‌ಗೆ ಹಣ ಪಡೆಯುತ್ತದೆ. ಇನ್ನೊಂದರಲ್ಲಿ ವಿದ್ಯುತ್ ಕಂಪನಿಯೇ ಅನೇಕ ಮನೆಗಳಿಗೆ ಒಟ್ಟಿಗೆ ಹಾಕಿಸುತ್ತದೆ. ನಿಮ್ಮ ಎಸ್ಕಾಂನಲ್ಲಿ ಇವು ನಡೆಯುತ್ತಿವೆಯಾ ಅಂತ ವಿಚಾರಿಸಿ. ಕರಾರಿಗೆ ಸಹಿ ಹಾಕುವ ಮುಂಚೆ ಎಷ್ಟು ವರ್ಷ, ಆಮೇಲೆ ಘಟಕ ಯಾರದ್ದು, ಮಧ್ಯದಲ್ಲಿ ಮನೆ ಮಾರಿದರೆ ಏನು ಅನ್ನುವ ಮೂರು ಪ್ರಶ್ನೆಗೆ ಉತ್ತರ ಪಡೆಯಿರಿ.

ಹೆಜ್ಜೆ 7: ಅರ್ಜಿ

ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ಖಾತ್ರಿ ಮಾಡಿಕೊಳ್ಳಿ. ರಾಜ್ಯ, ನಿಮ್ಮ ಎಸ್ಕಾಂ (ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್), ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆ ತುಂಬಿ. ಕೊನೆಯ ಬಿಲ್ಲು, ಆಧಾರ್, ಪಾಸ್‌ಬುಕ್ ಅಥವಾ ರದ್ದು ಮಾಡಿದ ಚೆಕ್ ಹತ್ತಿರ ಇಟ್ಟುಕೊಳ್ಳಿ. ನೋಂದಣಿ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಟಿಪಿ ಯಾರಿಗೂ ಹೇಳಬೇಡಿ.

2024ರಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮದಂತೆ 10 ಕಿಲೋವ್ಯಾಟ್‌ವರೆಗಿನ ಸರಿಯಾದ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಒಪ್ಪಿಗೆ ಸಿಕ್ಕಂತೆಯೇ. 5 ಕಿಲೋವ್ಯಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚು ವಿದ್ಯುತ್ ಕಂಪನಿಯದ್ದು. 'ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ನೀವೇ ದುಡ್ಡು ಕೊಡಿ' ಅಂದರೆ ಈ ನಿಯಮ ತೋರಿಸಿ.

ಹೆಜ್ಜೆ 8: ವೆಂಡರ್ ಮತ್ತು ಅಳವಡಿಕೆ

ಪೋರ್ಟಲ್‌ನಲ್ಲಿ ನೋಂದಾಯಿತ ವೆಂಡರ್‌ಗಳ ಪಟ್ಟಿ ಇದೆ. ಅದರಾಚೆಯವರಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ. ಮೂವರಿಂದ ಕೊಟೇಶನ್ ತರಿಸಿ. ಒಟ್ಟು ಬೆಲೆ ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ. ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್, ಕೇಬಲ್, ಅರ್ಥಿಂಗ್, ಮೀಟರ್, ಕೂಲಿ ಎಲ್ಲ ಬೇರೆ ಬೇರೆ ಬರೆಸಿ.

ಮುಖ್ಯವಾದದ್ದು ಡಿಸಿಆರ್ ಪ್ಯಾನೆಲ್. ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಹೊರಗಿನ ಸೆಲ್ ಇರುವ ಪ್ಯಾನೆಲ್ ಅಗ್ಗ, ಆದರೆ ಅದಕ್ಕೆ ಈ ಸಬ್ಸಿಡಿ ಬರುವುದಿಲ್ಲ. ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಪ್ಯಾನೆಲ್ ಮೇಲೆ ಹತ್ತುವ ಮುಂಚೆಯೇ ಹಿಂದಿನ ಸ್ಟಿಕ್ಕರ್‌ನ ಫೋಟೊ ತೆಗೆದುಕೊಳ್ಳಿ. ಕೂರಿಸಿದ ಮೇಲೆ ಅದು ಕಾಣುವುದು ಕಷ್ಟ.

ದುಡ್ಡು ಒಂದೇ ಸಲ ಕೊಡಬೇಡಿ. ಸಾಮಾನು ಬಂದಾಗ ಒಂದಷ್ಟು, ಕೂರಿಸಿದಾಗ ಒಂದಷ್ಟು, ನೆಟ್ ಮೀಟರ್ ಓಡಲು ಶುರುವಾದ ಮೇಲೆ ಉಳಿದದ್ದು ಅಂತ ಕರಾರಿನಲ್ಲೇ ಬರೆಸಿ. ಬ್ಯಾಂಕು ನೇರವಾಗಿ ವೆಂಡರ್‌ಗೆ ಕೊಡುವುದಾದರೆ ಈ ಹಂತಗಳನ್ನು ಬ್ಯಾಂಕಿನವರಿಗೂ ತಿಳಿಸಿ. ಐದು ವರ್ಷದ ನಿರ್ವಹಣೆ ವೆಂಡರ್‌ನ ಜವಾಬ್ದಾರಿ, ಅದೂ ಕಾಗದದಲ್ಲಿರಲಿ. ಖಾಲಿ ಚೆಕ್‌ಗೆ, ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ.

ಹೆಜ್ಜೆ 9: ಮೀಟರ್, ಸಬ್ಸಿಡಿ, ಮೊದಲ ಬಿಲ್ಲು

ಕೆಲಸ ಮುಗಿದ ಮೇಲೆ ವಿವರ ಪೋರ್ಟಲ್‌ಗೆ ಹಾಕಿ ನೆಟ್ ಮೀಟರ್‌ಗೆ ಅರ್ಜಿ ಕೊಡಬೇಕು. ಚಾಲನೆಗೆ ಎಸ್ಕಾಂಗೆ ಇರುವ ಗಡುವು 15 ದಿನ. ಮೀಟರ್ ಹಾಕಿದ ದಿನ ಎರಡೂ ರೀಡಿಂಗ್, ಅಂದರೆ ಗ್ರಿಡ್‌ನಿಂದ ಬಂದದ್ದು ಮತ್ತು ಗ್ರಿಡ್‌ಗೆ ಹೋದದ್ದು, ಫೋಟೊ ತೆಗೆದಿಡಿ. ಚಾಲನಾ ವರದಿ ಬಂದ ದಿನವೇ ಬ್ಯಾಂಕ್ ವಿವರ ಸಲ್ಲಿಸಿ ಸಬ್ಸಿಡಿ ಕೇಳಿ.

ಹಣ ಬಂದ ಕೂಡಲೇ ಸಾಲಕ್ಕೆ ತುಂಬಿ. ಮದುವೆಗೋ, ಮಳೆಗಾಲದ ರಿಪೇರಿಗೋ ತಿರುಗಿಸಿದರೆ ಹೆಜ್ಜೆ 6ರ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ತುಂಬುವಾಗ ಬ್ಯಾಂಕಿಗೆ ಒಂದು ಪತ್ರ ಕೊಡಿ: ಅವಧಿ ಅಷ್ಟೇ ಇರಲಿ, ಕಂತು ಇಳಿಸಿ. ಹಾಗೆ ಕೇಳದಿದ್ದರೆ ಕಂತು ಮೊದಲಿನಷ್ಟೇ ಇದ್ದು ಅವಧಿ ಮಾತ್ರ ಕಮ್ಮಿಯಾಗಬಹುದು. ತಿಂಗಳ ಖರ್ಚಿಗೆ ಒದ್ದಾಡುವ ಮನೆಗೆ ಬೇಕಾದದ್ದು ಚಿಕ್ಕ ಕಂತು.

ಮೊದಲ ಮೂರು ಬಿಲ್ಲುಗಳನ್ನು ಕೂತು ಓದಿ. ಗ್ರಿಡ್‌ಗೆ ಹೋದ ಯೂನಿಟ್ ಕಳೆದಿದ್ದಾರಾ, ಲೋಡ್ ಬದಲಾಗಿದೆಯಾ ನೋಡಿ. ಎರಡು ವಾರಕ್ಕೊಮ್ಮೆ ಬೆಳಗ್ಗೆ ತಂಪು ಹೊತ್ತಿನಲ್ಲಿ ಬರೀ ನೀರಿನಲ್ಲಿ ಪ್ಯಾನೆಲ್ ತೊಳೆಯಿರಿ. ಧೂಳಿನ ರಸ್ತೆ ಪಕ್ಕದ ಮನೆಯಾದರೆ ವಾರಕ್ಕೊಮ್ಮೆ. ಬಿಲ್ಲು ತಪ್ಪಿದ್ದರೆ ಅಥವಾ ಮೀಟರ್ ತಡವಾದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಯೋಜನೆಯ ಸಹಾಯವಾಣಿ 15555. ಅದರಲ್ಲೂ ಆಗದಿದ್ದರೆ ನಿಮ್ಮ ಎಸ್ಕಾಂನ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಬಿಲ್ಲು, ಮೀಟರ್ ಫೋಟೊ, ದೂರಿನ ಸಂಖ್ಯೆ ಜೋಡಿಸಿ ಅರ್ಜಿ ಕೊಡಿ. ಅದಕ್ಕೆ ವಕೀಲರು ಬೇಕಿಲ್ಲ.